ಜಗಲಿಯ ಸೂರಿಗೆ ನೀಲಿ ಬಳಿಯುವ ಡೋರ್ಕಸ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಲ್ಲಿಯ ನೀರು ಇಳಿದು, ಕೆಸರಿನ ವಾಸನೆ ಮನೆಯ ಮೆಟ್ಟಿಲವರೆಗೂ ಬಂದು ನಿಂತಿದೆ. ಜಗಲಿಯ ಅಂಚಿಗೆ ಏಣಿ ಹಾಕಿ ಹತ್ತಿರುವ ಡೋರ್ಕಸ್ ಗ್ಯಾಡ್ಸನ್ ಕತ್ತು ಹಿಂದಕ್ಕೆ ಚಾಚಿ, ಸೂರಿನ ಹಲಗೆಯನ್ನು ಹಸುವಿನ ಬೆನ್ನು ಸವರಿದ ಹಾಗೆ ಅಂಗೈಯಿಂದ ಸವರುತ್ತಾರೆ. ಆಮೇಲೆ ಜೇಬಿನಿಂದ ಅಗಲ ಬಾಯಿಯ ಉಳಿ ತೆಗೆದು ಕೆರೆಯಲು ಶುರು ಮಾಡುತ್ತಾರೆ. ನೀಲಿ ಬಣ್ಣದ ಸಿಪ್ಪೆ ಸುರುಳಿ ಸುರುಳಿಯಾಗಿ ಅವರ ತಲೆವಸ್ತ್ರದ ಮೇಲೆ, ಹುಬ್ಬಿನ ಮೇಲೆ, ತೆರೆದ ಬಾಯಿಯೊಳಕ್ಕೂ ಉದುರುತ್ತದೆ. ಥೂ ಎಂದು ಉಗಿದು ಮತ್ತೆ ಕೆರೆಯುತ್ತಾರೆ.

ಅಮೆರಿಕದ ದಕ್ಷಿಣ ಕರಾವಳಿಯ ಈ ಕಸೀನಾ ದ್ವೀಪದಲ್ಲಿ ಇಂಥದ್ದನ್ನು ಹಿಂದೆ ನೋಡಿದವರಿಲ್ಲ. ಡೋರ್ಕಸ್ ಏಣಿ ಹತ್ತಿದ್ದಾರೆಂದರೆ ಯಾರದೋ ಜಗಲಿ ನೀಲಿಯಾಗುತ್ತಿದೆ ಎಂದೇ ಅರ್ಥ. ಬಳಿಯುವುದು ಅವರ ಕಸುಬು, ಅವರಪ್ಪನ ಕಸುಬು. ಬಳಿದದ್ದನ್ನು ಕೆರೆದು ತೆಗೆಯುವುದು ಈ ತೀರದಲ್ಲಿ ಯಾರ ಕಸುಬೂ ಅಲ್ಲ. ಸೀಗಡಿ ಬಲೆ ಹೊತ್ತು ಹೊರಟಿದ್ದ ಇಬ್ಬರು ಬೇಲಿಯ ಹತ್ತಿರ ನಿಂತು ನೋಡುತ್ತಾರೆ, ರಸ್ತೆಯ ಆಚೆ ಬದಿಗೆ ದಾಟಿ ನಡೆದುಬಿಡುತ್ತಾರೆ.

ಒಳಕೋಣೆಯ ಹಾಸಿಗೆಯಿಂದ ಟೆನಾ ಚಿಜಮ್ ಅವರ ದನಿ ಬರುತ್ತದೆ. ತೊಂಬತ್ತರ ಹತ್ತಿರದ ಮುದುಕಿ, ದನಿಗೆ ಮಾತ್ರ ವಯಸ್ಸಾಗಿಲ್ಲ.

"ಎಲ್ಲೀವರೆಗೆ ಬಂತೇ ಡೋರಿ?"

"ಈಗ ಕೈ ಹಚ್ಚಿದೀನಿ ಟೆನಕ್ಕ. ನಿಮ್ಮ ಸೂರು ಸಿಕ್ಕಾಪಟ್ಟೆ ಬಣ್ಣ ಕುಡಿದಿದೆ."

"ಕುಡಿಸಿದೋಳು ನೀನೇ ಅಲ್ವ."

ಉಳಿಯ ಸದ್ದು ಸ್ವಲ್ಪ ಜೋರಾಗುತ್ತದೆ.

ಸತ್ತ ಮೇಲೂ ಸುಮ್ಮನಿರಲೊಲ್ಲದವರನ್ನು ಇಲ್ಲಿಯವರು ಹೇಂಟು ಎನ್ನುತ್ತಾರೆ. ಹೇಂಟು ನೀರು ದಾಟುವುದಿಲ್ಲ. ಜಗಲಿಯ ಸೂರು, ಬಾಗಿಲ ಚೌಕಟ್ಟು ನೀಲಿಯಾಗಿದ್ದರೆ ಅದನ್ನೇ ನೀರೆಂದು ತಿಳಿದು ಬಂದ ದಾರಿಗೆ ತಿರುಗುತ್ತದೆ. ಬೇಸಿಗೆ ಕಳೆಯಲು ಬಂದು ಮನೆ ಕಟ್ಟಿಕೊಂಡ ಸಾಹುಕಾರರು, ಈ ಬಣ್ಣಕ್ಕೆ ಕಣಜ ಗೂಡು ಕಟ್ಟುವುದಿಲ್ಲವಂತೆ ಎಂದು ತಾವೂ ಬಳಿಸಿಕೊಳ್ಳುತ್ತಾರೆ. ಆ ಮನೆಗಳಿಗೂ ಡೋರ್ಕಸ್ ಹೋಗುತ್ತಾರೆ. ಕಣಜಕ್ಕೆ ಎಂದರೆ ಕಣಜಕ್ಕೆ, ವಾದ ಮಾಡಿ ಆಗಬೇಕಾದ್ದೇನು.

ಬಳಿಯುವುದಕ್ಕೂ ಒಂದು ಕ್ರಮವಿದೆ. ಬಾಗಿಲಿನಿಂದ ಶುರು ಮಾಡಿ ಮೆಟ್ಟಿಲ ಕಡೆಗೆ, ಅಂದರೆ ಒಳಗಿನಿಂದ ಹೊರಗೆ ಬರಬೇಕು. ಮನೆಯಲ್ಲಿ ಏನಾದರೂ ಸೇರಿಕೊಂಡಿದ್ದರೆ ಕುಂಚದ ಮುಂದೆ ಮುಂದೆ ಸರಿದು ಅಂಗಳಕ್ಕಿಳಿಯುತ್ತದೆ. ಹೊರಗಿನಿಂದ ಒಳಗೆ ಬಳಿದರೆ ಅದನ್ನು ಒಳಗೆ ತಳ್ಳಿ ಅಗುಳಿ ಹಾಕಿದ ಹಾಗೆ. ಇದು ಅಪ್ಪ ಐಸಾಕ್ ಗ್ಯಾಡ್ಸನ್ ಕಲಿಸಿದ ಮೊದಲ ಪಾಠ. ಐಸಾಕ್‌ಗೆ ಗಂಡುಮಕ್ಕಳಿರಲಿಲ್ಲ. ಇದ್ದಿದ್ದರೆ ಡೋರ್ಕಸ್ ಏಣಿ ಹತ್ತುತ್ತಿರಲಿಲ್ಲ, ಈ ದ್ವೀಪಕ್ಕೆ ಇಷ್ಟು ಚೊಕ್ಕ ಕೆಲಸದವರು ಸಿಗುತ್ತಲೂ ಇರಲಿಲ್ಲ.

ಅಪ್ಪ ಸಾಯುವಾಗ ಬಿಟ್ಟುಹೋದದ್ದು ಒಂದು ದೊಡ್ಡ ನೀಲಿಯ ಉಂಡೆ. ಹಿಂದಿನ ಕಾಲದಲ್ಲಿ ನೀಲಿ ಗಿಡ ಕೊಳೆಹಾಕುತ್ತಿದ್ದ ತೊಟ್ಟಿಗಳ ತಳದಲ್ಲಿ ಕೂತ ಗಸಿ, ಕಲ್ಲಿನಂತೆ ಗಟ್ಟಿ. ಅದನ್ನು ತೇದು, ಚಿಪ್ಪಿನ ಸುಣ್ಣ, ಮಜ್ಜಿಗೆ ಸೇರಿಸಿ ಕಲಸಿದರೆ ಬರುತ್ತಿದ್ದ ಬಣ್ಣವೇ ಬೇರೆ ಎನ್ನುತ್ತಾರೆ ಡೋರ್ಕಸ್. "ಮೋಡ ಮುಚ್ಚಿದಾಗ ಕೊಲ್ಲಿ ನೀರು ಇರುತ್ತಲ್ಲ, ಸ್ವಲ್ಪ ಬೂದಿ, ಸ್ವಲ್ಪ ಹಸಿರು, ಹಂಗೆ. ಅಂಗಡೀದು ಬರೀ ನೀಲಿ. ಹಸುಗೂಸಿನ ಟೋಪಿ ಬಣ್ಣ." ಆ ಉಂಡೆ ಈಗಿಲ್ಲ. ಅದನ್ನು ಮುಗಿಸಿದವನು ಈ ಮನೆಯ ಹುಡುಗ, ಟೆನಾ ಅವರ ತಮ್ಮ.

ಲೋಕಕ್ಕೆ ಅವನು ಜೆರಿಕೋ ಚಿಜಮ್, ರಾಕ್ ಅಂಡ್ ರೋಲ್ ಗಾಯಕ. ಬರಿಗಾಲಲ್ಲಿ ವೇದಿಕೆಗೆ ಬಂದು, ಪೊರಕೆಯ ಕೋಲಿನಿಂದ ನೆಲ ಕುಟ್ಟುತ್ತ ಹಾಡಿದವನು. ಅವನ ಕೋಲಿನ ಏಟಿಗೆ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಜನ ಕುರ್ಚಿ ಮುರಿದುಕೊಂಡು ಕುಣಿದರು. ದ್ವೀಪದವರಿಗೆ ಅವನು ಟೆನಾಳ ತಮ್ಮ ಜೆರಿ, ಸತ್ತು ಮೂವತ್ತು ಚಿಲ್ಲರೆ ವರ್ಷವಾದರೂ ಏಕವಚನವೇ. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿದವರು ಟೆನಾ. ಡೋರ್ಕಸ್ ಅವನ ಓರಗೆಯವರು. ಐಸಾಕ್ ಬಣ್ಣ ಬಳಿಯಲು ಬಂದಾಗಲೆಲ್ಲ ಹುಡುಗ ಬಕೆಟ್ಟಿಗೆ ಬೆರಳಿನ ಗೆಣ್ಣು ಅದ್ದಿ, ಪ್ರಾರ್ಥನೆಗೆಂದು ಸಿಂಗರಿಸಿಕೊಂಡು ಹೊರಟ ಅಕ್ಕನ ಕೆನ್ನೆಗೆ ಹಚ್ಚಿ ಓಡುತ್ತಿದ್ದನಂತೆ. ಸಿಕ್ಕಿಬಿದ್ದಾಗಲೆಲ್ಲ ಚೆನ್ನಾಗಿ ಬೀಳುತ್ತಿತ್ತು.

ಆ ಕೋಲೇ ಅಕ್ಕ ತಮ್ಮನ ನಡುವೆ ಬಂದದ್ದು. ಇಲ್ಲಿಯ ಪ್ರಾರ್ಥನಾ ಮನೆಯಲ್ಲಿ ಡ್ರಮ್ಮಿಲ್ಲ, ವಾದ್ಯವಿಲ್ಲ. ಒಬ್ಬ ಪೊರಕೆಯ ಕೋಲಿನಿಂದ ಹಲಗೆ ನೆಲ ಕುಟ್ಟುತ್ತಾನೆ, ಉಳಿದವರು ವೃತ್ತವಾಗಿ ಕಾಲೆಳೆಯುತ್ತ ದೇವರನ್ನು ಹಾಡುತ್ತಾರೆ. ಹದಿನಾರಕ್ಕೇ ಜೆರಿ ಅಲ್ಲಿಯ ಕೋಲಿನವನಾಗಿದ್ದ. ಅದೇ ತಾಳವನ್ನು ಅವನು ಮೀನು ಕರಿಯುವ ಕೂಟಗಳಿಗೆ, ಸಾರಾಯಿ ಗಡಂಗಿಗೆ, ಆಮೇಲೆ ಊರೂರಿನ ವೇದಿಕೆಗೆ ಒಯ್ದ. ಟೆನಾ ಸಹಿಸಲಿಲ್ಲ. ದೇವರ ಮುಂದೆ ಕುಟ್ಟಿದ್ದನ್ನು ಕುಡುಕರ ಮುಂದೆ ಕುಟ್ಟಿದವನು ತನ್ನ ಜಗಲಿ ಹತ್ತಕೂಡದು ಎಂದುಬಿಟ್ಟರು.

ಅವನೂ ಹತ್ತಲಿಲ್ಲ. ಹೆಸರು, ಹಣ, ಕಾರು ಎಲ್ಲ ಬಂದ ಮೇಲೂ ವರ್ಷಕ್ಕೊಮ್ಮೆ ಬರುತ್ತಿದ್ದ. ಅಂಗಳದಲ್ಲಿ, ಹೇಂಟು ಹಿಡಿಯಲೆಂದು ಗಾಜಿನ ಬಾಟಲಿಗಳನ್ನು ಕೊಂಬೆಗಳಿಗೆ ಸಿಕ್ಕಿಸಿದ ಮರವಿದೆಯಲ್ಲ, ಅದರ ಕೆಳಗೆ ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ. ಅಕ್ಕ ಜಗಲಿಯಲ್ಲಿ ಬೆಂಡೆಕಾಯಿ ಹೆಚ್ಚುತ್ತ ಕೂತಿರುತ್ತಿದ್ದರು. ಮಳೆಯ ಬಗ್ಗೆ, ಸತ್ತವರ ಬಗ್ಗೆ, ಯಾರ ಮನೆಯಲ್ಲಿ ಮಗುವಾಯಿತೆಂದು ಮಾತಾಡಿ ಹೊರಟುಹೋಗುತ್ತಿದ್ದ. ಎರಡು ಕಡೆಯೂ ಹಟ ಒಂದೇ ಎರಕದ್ದು ಎಂದು ಡೋರ್ಕಸ್ ಈಗಲೂ ತಲೆ ಚಚ್ಚಿಕೊಳ್ಳುತ್ತಾರೆ.

ಡೋರ್ಕಸ್ ಅವನ ಹಿಂದೆ ಊರೂರು ತಿರುಗಿದ ಕಥೆ ಶುರುವಾಗುವುದು ಮೇಕನ್ ಪಟ್ಟಣದ ಒಂದು ಸಭಾಂಗಣದಿಂದ. ಅಲ್ಲಿ ಹಾಡಿ ಇಳಿದ ಜೆರಿಕೋ ವೇಷ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಬಿಳಿಚಿಕೊಂಡು ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಜನರೆಲ್ಲ ಮನೆಗೆ ಹೋದರೂ ಕೋಣೆಯಲ್ಲಿ ಇನ್ನೂ ಕಾಲು ಕುಟ್ಟುತ್ತಿದ್ದಾರೆ ಎಂದ. ಮಾರನೆಯ ದಿನವೇ ಕಸೀನಾಗೆ ಹೇಳಿಕಳಿಸಿದ, ಡೋರಿ ಬಕೆಟ್ಟು ತೆಗೆದುಕೊಂಡು ಬರಲಿ ಎಂದು.

ಅಲ್ಲಿಂದ ಮುಂದೆ ಅವನು ಹಾಡಿದ ಕಡೆಯಲ್ಲೆಲ್ಲ ಡೋರ್ಕಸ್ ಇದ್ದರು. ವಾದ್ಯಗಳ ಜೊತೆ ಹಿಂದಿನ ಕಾರಿನಲ್ಲಿ, ಮಂಡಿಗಳ ನಡುವೆ ಡ್ರಮ್ಮು ಇಟ್ಟುಕೊಂಡು ಪಯಣ. ಬೆಳಗಿನ ಜಾವವೇ ಹಿಂಬಾಗಿಲಿನಿಂದ ಒಳಹೊಕ್ಕು, ಅವನ ಕೋಣೆಯ ಚೌಕಟ್ಟಿಗೆ ನೀಲಿ ಬಳಿದು ಸಂಜೆಗೆ ಒಣಗಿಸಿಡಬೇಕು. ಕೆಲವು ಊರುಗಳಲ್ಲಿ ಕರಿಯರಿಗೆ ಮುಂಬಾಗಿಲೇ ಇರಲಿಲ್ಲ. ಒಂದು ಕಡೆ ಕಾವಲುಗಾರ, ಗೋಡೆ ಕೆಡಿಸಿದಳೆಂದು ಪೊಲೀಸರನ್ನು ಕರೆದ. ಡ್ರಮ್ಮು ಬಾರಿಸುವವನಂತೂ ದಿನಾ ಕಾಡುತ್ತಿದ್ದ: "ಏನಕ್ಕ, ನಾವ್ ಸತ್ರೆ ಸ್ವರ್ಗದ ಬಾಗ್ಲಿಗೂ ಬಳಿದು ನಮ್ಮನ್ನ ಹೊರಗೇ ನಿಲ್ಲಿಸ್ತೀಯಾ?" ಡೋರ್ಕಸ್ ಆಗ ನಕ್ಕಿದ್ದರು. ಈಗ ಆ ಮಾತು ಹೇಳುವಾಗ ನಗುವುದಿಲ್ಲ.

ವೇದಿಕೆಗೆ ಹೊರಡುವ ಮೊದಲು ಜೆರಿಕೋ ಎರಡು ಗೆಣ್ಣಿನಿಂದ ಚೌಕಟ್ಟನ್ನು ತಟ್ಟುತ್ತಿದ್ದ. "ಒಣಗಿದ್ಯೇನೇ ಡೋರಿ?" ಎಂದು ಕೇಳುವುದು, ಒಣಗಿದೆ ಎಂದು ಅವರು ಹೇಳುವುದು. ಆಮೇಲೆಯೇ ಕೋಲು ಕೈಗೆ. ಒಮ್ಮೊಮ್ಮೆ ಒಣಗಿರುತ್ತಿರಲಿಲ್ಲ, ಗೆಣ್ಣಿಗೆ ನೀಲಿ ಹತ್ತುತ್ತಿತ್ತು. ಫೋಟೋಗಳಲ್ಲಿ ಅದನ್ನು ಕಂಡ ಹುಡುಗ ಹುಡುಗಿಯರು ತಾವೂ ಗೆಣ್ಣಿಗೆ ನೀಲಿ ಹಚ್ಚಿಕೊಂಡು ಬರತೊಡಗಿದರು, ಪತ್ರಿಕೆಗಳು ಅದನ್ನು ಹೊಸ ಶೋಕಿ ಎಂದು ಬರೆದವು. ಆ ನೀಲಿ ಎಲ್ಲಿಂದ ಬಂತೆಂದು ಒಬ್ಬರೂ ಕೇಳಲಿಲ್ಲ. ಅವನ ಬಗ್ಗೆ ಬಂದ ದಪ್ಪ ದಪ್ಪ ಪುಸ್ತಕಗಳ ಚಿತ್ರಗಳ ಅಂಚಿನಲ್ಲಿ ಬಕೆಟ್ಟು ಹಿಡಿದ ಒಬ್ಬ ಹೆಂಗಸು ಕಾಣುತ್ತಾಳೆ. ಕೆಳಗೆ ಎಲ್ಲರ ಹೆಸರಿದೆ, ಅವಳದಿಲ್ಲ.

ಅವನು ಕೊಂಡ ಮನೆಗಳಿಗೂ ಡೋರ್ಕಸ್ ಅವರದೇ ಕೈ. ಮೊದಲು ಸವಾನಾದಲ್ಲಿ ಇಟ್ಟಿಗೆ ಮನೆ. ಆಮೇಲೆ ಅಟ್ಲಾಂಟಾದ ಹೊರಗೆ, ಗುಡ್ಡದ ಮೇಲೆ, ಬಿಳಿ ಕಂಬಗಳ ಬಂಗಲೆ. ಹಿಂದೆ ನಮ್ಮವರನ್ನು ಗುಲಾಮರಾಗಿ ದುಡಿಸಿಕೊಂಡ ದಣಿಗಳ ಮನೆಯಂಥದ್ದನ್ನೇ ಹುಡುಕಿ ಕೊಂಡನಲ್ಲ ಎಂದು ದ್ವೀಪವೆಲ್ಲ ನಕ್ಕಿತು. ಅದರ ಸೂರು ಎಷ್ಟು ಎತ್ತರವೆಂದರೆ ಅಟ್ಟಣಿಗೆ ಕಟ್ಟಿಸಿ ಮಲಗಿಕೊಂಡು ಬಳಿಯಬೇಕಾಯಿತು. ಆ ಮನೆಗಳಲ್ಲಿ ಜೆರಿಕೋ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ನಿದ್ದೆಯಿಂದ ಎದ್ದವನು ಕೇಳುತ್ತಿದ್ದದ್ದು ಮಾತ್ರ ಅಕ್ಕನ ಜಗಲಿಯ ವಿಷಯ, ಅಲ್ಲಿಯ ಬಣ್ಣ ಹೇಗಿದೆ ಎಂದು.

ಕೊನೆಯ ಆಟ ಬಾಲ್ಟಿಮೋರಿನಲ್ಲಿ. ಬೆಳಗಿನಿಂದ ಜಡಿಮಳೆ, ಗೋಡೆಗಳೇ ಬೆವರುತ್ತಿದ್ದವು. ಉಂಡೆಯಲ್ಲಿ ಉಳಿದಿದ್ದ ಕೊನೆಯ ಚೂರನ್ನು ತೇದು ಡೋರ್ಕಸ್ ಚೌಕಟ್ಟಿಗೆ ಬಳಿದರು, ಸಂಜೆಯಾದರೂ ಅದು ಒಣಗಲಿಲ್ಲ. ಅವನು ಬಂದು ತಟ್ಟಿದ, ಗೆಣ್ಣು ನೀಲಿಯಾಯಿತು. "ಒಣಗಿದ್ಯೇನೇ?" ಎಂದ. ಜನ ಹೊರಗೆ ನೆಲ ಒದೆಯುತ್ತಿದ್ದರು, ತಡವಾಗಿತ್ತು. ಡೋರ್ಕಸ್ ಒಣಗಿದೆ ಎಂದುಬಿಟ್ಟರು. ಮೂರನೆಯ ಹಾಡಿನ ನಡುವೆ ಕೋಲು ಕೈಜಾರಿತು, ಅವನೂ ಅಲ್ಲೇ ಕುಸಿದ. ಹೃದಯ ಎಂದರು ಡಾಕ್ಟರು. ಅಂತ್ಯಕ್ರಿಯೆಗೆ ಅಣಿಮಾಡಿದವರು ಎಷ್ಟು ಉಜ್ಜಿದರೂ ಗೆಣ್ಣಿನ ನೀಲಿ ಹೋಗಲಿಲ್ಲ, ಅದರ ಸಮೇತವೇ ಅವನು ಪೆಟ್ಟಿಗೆಯೊಳಗೆ ಮಲಗಿದ.

ಅವನ ದೇಹಕ್ಕಿಂತ ಮೊದಲೇ ಡೋರ್ಕಸ್ ದ್ವೀಪ ಮುಟ್ಟಿದರು. ದುಃಖದಲ್ಲಿ ಕೆಲವರು ಅಡುಗೆ ಮಾಡುತ್ತಾರೆ, ಕೆಲವರು ನೆಲ ಒರೆಸುತ್ತಾರೆ. ಇವರಿಗೆ ಗೊತ್ತಿದ್ದದ್ದು ಒಂದೇ. ಜೆರಿ ಮನೆಗೆ ಬರುತ್ತಿದ್ದಾನೆ, ಜಗಲಿ ಮಾಸಿ ಕಾಣಬಾರದು ಎಂದು, ಅಂಗಡಿಯಿಂದ ಡಬ್ಬಿ ತಂದು ಬೆಳಗ್ಗೆಯೇ ಸೂರಿಗೆಲ್ಲ ಹೊಸದಾಗಿ ನೀಲಿ ಬಳಿದರು. ಹೆಣ ಒಳಗೆ ಬಂದು ಮಣ್ಣಾಗುವವರೆಗೆ ಸೂರಿಗಾಗಲಿ ಬಾಗಿಲಿಗಾಗಲಿ ಹೊಸ ನೀಲಿ ಮುಟ್ಟಿಸಬಾರದು, ಮುಟ್ಟಿಸಿದರೆ ಸತ್ತವನೇ ಹೊರಗುಳಿಯುತ್ತಾನೆ ಎಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಎಲ್ಲರಿಗಿಂತ ಚೆನ್ನಾಗಿ ಡೋರ್ಕಸ್‌ಗೆ ಗೊತ್ತು. ಆ ಬೆಳಗ್ಗೆ ಕೈಗೆ ಕಸುಬು ನೆನಪಾಯಿತು, ತಲೆಗೆ ನಿಯಮ ನೆನಪಾಗಲಿಲ್ಲ.

ಪೆಟ್ಟಿಗೆ ಹೊತ್ತವರು ಮೆಟ್ಟಿಲು ಹತ್ತಿ ಸೂರಿನ ಕೆಳಗೆ ಬಂದಾಗ ಒಂದು ಹನಿ ಬಣ್ಣ ತೊಟಕ್ಕನೆ ಮುಚ್ಚಳದ ಮೇಲೆ ಬಿತ್ತು. ಹೊತ್ತವರು ನಿಂತರು. ಹಾಡು ನಿಂತಿತು. ಟೆನಾ ಮೇಲೆ ನೋಡಿದರು, ಆಮೇಲೆ ಡೋರ್ಕಸ್‌ರನ್ನು ನೋಡಿದರು, ಆಮೇಲೆ ಒಳಗೆ ತನ್ನಿ ಎಂದರು. ಅಷ್ಟೇ. ದೇಹ ಒಳಗೆ ಬಂತು, ಅವನು ಬರಲಿಲ್ಲ ಎಂದು ದ್ವೀಪದವರು ಇವತ್ತಿಗೂ ಹೇಳುತ್ತಾರೆ.

ಹೇಳುವುದಕ್ಕೆ ಕಾರಣವೂ ಇದೆ. ಸವಾನಾದ ಮನೆಯನ್ನು ಬಾಡಿಗೆಗೆ ಹಿಡಿದವರು ಸೂರಿಗೆ ತಗಡು ಹೊಡೆಸಿ ನೀಲಿ ಮುಚ್ಚಿದರು. ಅಂದಿನಿಂದ ಅಲ್ಲಿ ಬೆಳಗಾಗುವ ಹೊತ್ತಿಗೆ ಮೆಟ್ಟಿಲ ಮೇಲೆ ಕೋಲಿನ ಸದ್ದು. ಕಂಬದ ಬಂಗಲೆಯನ್ನು ಕೊಂಡವರು ಅದನ್ನು ಪ್ರದರ್ಶನಕ್ಕಿಟ್ಟು, ನೀಲಿ ಹೊಂದುವುದಿಲ್ಲವೆಂದು ಬಿಳಿ ಹೊಡೆಸಿದರು. ಅಲ್ಲಿ ಮನೆ ತೋರಿಸುವ ಹುಡುಗಿಯರು ಊಟದ ಕೋಣೆಗೆ ಒಬ್ಬೊಬ್ಬರೇ ಹೋಗುವುದಿಲ್ಲ. ಹಳೆಯ ಸಭಾಂಗಣಗಳ ಚೌಕಟ್ಟುಗಳಿಗೆಲ್ಲ ಯಾರ್ಯಾರೋ ಬೇರೆ ಬಣ್ಣ ಬಳಿದಾಗಿದೆ, ಅಲ್ಲೆಲ್ಲ ಅವನು ಓಡಾಡುತ್ತಾನೆ. ಬಾರದಿರುವುದು ಹುಟ್ಟಿದ ಮನೆಗೊಂದೇ. ಇಲ್ಲಿ ಪ್ರತಿ ವಸಂತಕ್ಕೂ ಟೆನಾ ಬಣ್ಣ ಮಾಸಿದೆ ಎಂದು ಹೇಳಿಕಳಿಸುವುದು, ಡೋರ್ಕಸ್ ಬಂದು ಒಂದು ಹಲಗೆಯೂ ಬಿಡದಂತೆ ಬಳಿದು ಹೋಗುವುದು. ಆ ಹನಿಯ ವಿಷಯ ಇಬ್ಬರೂ ಎತ್ತಿರಲಿಲ್ಲ.

ಕಳೆದ ವಾರ ಟೆನಾ ಎತ್ತಿದರು. ಅವರಿಗೀಗ ಎದ್ದು ಕೂರಲೂ ಆಗುವುದಿಲ್ಲ, ದಾದಿ ಬಂದು ನೋಡಿ ತಲೆ ಅಲ್ಲಾಡಿಸಿ ಹೋಗಿದ್ದಾಳೆ. ಡೋರ್ಕಸ್‌ರನ್ನು ಹಾಸಿಗೆಯ ಪಕ್ಕ ಕೂರಿಸಿಕೊಂಡು, ಸೂರಿನ ನೀಲಿ ಪೂರ್ತಿ ತೆಗಿ ಎಂದರು. ಡೋರ್ಕಸ್ ಅಳಲು ಶುರು ಮಾಡಿದರಂತೆ. ನನ್ನ ಕೈಯಿಂದ ಹೀಗಾಯಿತು ಎಂದಾಗ ಮುದುಕಿ ತಡೆದರು.

"ನಿನ್ನ ಕೈ ಏನ್ ಮಾಡ್ತು? ಬರಬೇಡ ಅಂದೋಳು ನಾನು. ಬದುಕಿದ್ದಾಗ್ಲೇ ಅಂದಿದ್ದೆ. ವರ್ಷಾ ವರ್ಷಾ ನಿನ್ನ ಕರೆಸಿ ಬಳಿಸಿದೋಳೂ ನಾನೇ. ಬಂದ್ರೆ ಅವನ ಮುಖ ಹೆಂಗ್ ನೋಡ್ಲಿ ಅಂತ. ಈಗ ನೋಡ್ದೆ ಹೋಗಕ್ಕೆ ಭಯ ಆಗ್ತಿದೆ ಡೋರಿ."

ಇದಿಷ್ಟು ಈ ಬೆಳಗಿನ ಹಿನ್ನೆಲೆ. ಬಿಸಿಲೇರುವ ಹೊತ್ತಿಗೆ ಅರ್ಧ ಸೂರು ಬೋಳಾಗಿದೆ. ಪ್ರಾರ್ಥನಾ ಮನೆಯ ಹಿರಿಯರಾದ ಎಸ್ತರ್ ಕೇಪರ್ಸ್ ಸುದ್ದಿ ತಿಳಿದು ಬಂದವರು ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತು ಬುದ್ಧಿ ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಜೆರಿಕೋ ಒಬ್ಬನೇ ತಿರುಗುವವನಲ್ಲ, ಹೋದಲ್ಲೆಲ್ಲ ಅವನ ಹಿಂದೆ ಏನೇನೋ ಬರುತ್ತಿತ್ತು, ಅದಕ್ಕೇ ಅಲ್ಲವೇ ಡೋರ್ಕಸ್ ಬೇಕಾದದ್ದು? "ಬಾಗ್ಲು ತೆಗೆದಿಟ್ರೆ ಬರೋನು ಅವನೊಬ್ನೇ ಅಂತ ಬರೆದುಕೊಡ್ತೀಯೇನೇ? ಒಳಗೆ ಕೈಕಾಲು ಆಡದ ಮುದುಕಿ ಮಲಗಿದಾಳೆ." ಡೋರ್ಕಸ್ ಏಣಿಯಿಂದ ಇಳಿಯದೆ, ರಾತ್ರಿ ತಾನು ಬಾಗಿಲಲ್ಲೇ ಇರುತ್ತೇನೆ ಎನ್ನುತ್ತಾರೆ. ನೀನಿದ್ದು ಏನು ಮಾಡುತ್ತೀಯ ಎಂದು ಎಸ್ತರ್ ಕೇಳಿದ್ದಕ್ಕೆ ಅವರು ಮುಂದಿನ ಹಲಗೆಗೆ ಉಳಿ ಹಚ್ಚುತ್ತಾರೆ.

ಸಂಜೆಗೆ ಸೂರು, ಚೌಕಟ್ಟು ಎರಡೂ ಬರಿ ಮರ. ಉದುರಿದ ಸಿಪ್ಪೆಯನ್ನೆಲ್ಲ ಗುಡಿಸಿ ಡೋರ್ಕಸ್ ಕೊಲ್ಲಿಗೆ ಚೆಲ್ಲುತ್ತಾರೆ. ಮರಳಂಗಳವನ್ನು ಬೇಲಿಯವರೆಗೂ ಒಂದು ಹೆಜ್ಜೆ ಗುರುತಿಲ್ಲದಂತೆ ಕಡ್ಡಿ ಪೊರಕೆಯಲ್ಲಿ ಗುಡಿಸುತ್ತಾರೆ. ಟೆನಾ ಅವರಿಗೆ ಟೊಮೆಟೊ ಹಾಕಿದ ಕೆಂಪನ್ನ, ಹುರಿದ ಮೀನು ಕಲಸಿ ತಿನ್ನಿಸುತ್ತಾರೆ. ಮುದುಕಿ ನಾಲ್ಕು ತುತ್ತು ತಿಂದು ತಲೆ ಬಾಚು ಎನ್ನುತ್ತಾರೆ. ಆಮೇಲೆ ಡೋರ್ಕಸ್ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಮರುದಿನ ಬೆಳಗಿನ ಜಾವ ಮಂಜು ಕವಿದಿದೆ. ಡೋರ್ಕಸ್ ಕುರ್ಚಿಯಲ್ಲಿಲ್ಲ, ಬಾಗಿಲಲ್ಲಿ ಎರಡು ಕೈಯನ್ನೂ ಚೌಕಟ್ಟಿಗೆ ಕೊಟ್ಟು ನಿಂತಿದ್ದಾರೆ, ಒಂದು ಕೈಯಲ್ಲಿ ಒಣ ಕುಂಚ. ನಿಂತು ನಿಂತು ಕಾಲು ಊದಿದೆ. ಮಾತಾಡಿಸಿದರೆ ಮೊದಲು ನೀರು ಕೇಳುತ್ತಾರೆ. ಆಮೇಲೆ, ಅಂಗಳದಿಂದ ಕಣ್ಣು ತೆಗೆಯದೆ ಹೇಳುತ್ತಾರೆ.

ಮೊದಲು ಕಪ್ಪೆಗಳು ನಿಂತವಂತೆ. ಆಮೇಲೆ ಗಾಳಿ ಇಲ್ಲದೆಯೇ ಬಾಟಲಿ ಮರ ಊಂ ಎಂದಿತು, ಒಂದು ಬಾಟಲಿ, ಇನ್ನೊಂದು, ಮತ್ತೊಂದು, ಯಾರೋ ಸಾಲಾಗಿ ಅದರ ಪಕ್ಕ ಹಾದುಬರುತ್ತಿರುವ ಹಾಗೆ. ಆಮೇಲೆ ಮರಳಿನಲ್ಲಿ ಕಾಲು.

"ಒಂದಲ್ಲ, ಎರಡಲ್ಲ. ಮಾತಿಲ್ಲ ಕತೆಯಿಲ್ಲ, ಬರೀ ಕಾಲು ಬದಲಾಯಿಸೋ ಸದ್ದು. ತಕ್ಷಣ ಗೊತ್ತಾಯ್ತು ನಂಗೆ. ಆಟ ಮುಗಿದ ಮೇಲೆ ಹಿಂಬಾಗ್ಲಲ್ಲಿ ಜನ ಕಾಯ್ಕೊಂಡು ನಿಂತಿರ್ತಾರಲ್ಲ, ಅದು. ಇಷ್ಟು ವರ್ಷ ಕೇಳಿದೀನಿ, ಮರೀತೀನಾ? ಎದ್ದು ಬಾಗ್ಲಿಗೆ ಅಡ್ಡ ನಿಂತೆ. ಕೈಯಲ್ಲಿ ಇದ್ದಿದ್ದು ಇದೇ ಒಣ ಕುಂಚ. ನಗಬೇಡಿ."

ನಗುವವರು ಯಾರೂ ಇಲ್ಲ. ಅವರು ಇನ್ನೊಂದು ಗುಟುಕು ನೀರು ಕುಡಿಯುತ್ತಾರೆ. ಆಮೇಲೆ ಒಬ್ಬರು ಮಾತ್ರ ಮೆಟ್ಟಿಲು ಹತ್ತಿದರಂತೆ, ಬರಿಗಾಲು. ಐಸ್ ಪೆಟ್ಟಿಗೆಯ ಬಾಗಿಲು ತೆಗೆದಂತೆ ಮುಖಕ್ಕೆ ತಣ್ಣಗೆ ಹೊಡೆಯಿತು. ತಲೆಯ ಪಕ್ಕದಲ್ಲೇ, ಚೌಕಟ್ಟಿನ ಮೇಲೆ, ಎರಡು ಗೆಣ್ಣಿನ ತಟ್ಟು.

"ಒಣಗಿದ್ಯೇನೇ ಡೋರಿ ಅಂತ ಕೇಳಿದ್ನೋ, ಕೇಳಿದ ಹಾಗಾಯ್ತೋ, ದೇವರಾಣೆ ಗೊತ್ತಿಲ್ಲ. ನಾನಂತೂ ಉತ್ತರ ಕೊಟ್ಟೆ. ಈ ಸಲ ಸುಳ್ಳು ಹೇಳ್ಲಿಲ್ಲ. ಬಣ್ಣಾನೇ ಇಲ್ಲ ಕಣೋ, ಹೋಗು ಒಳಗೆ ಅಂದೆ. ಅಂದು ಪಕ್ಕಕ್ಕೆ ಸರಿದೆ. ಹಿಂದಿದ್ದೋರು ಒಂದ್ ಹೆಜ್ಜೆ ಮುಂದೆ ಬಂದ್ರು. ಮತ್ತೆ ಬಂದು ಅಡ್ಡ ನಿಂತೆ. ಅವಾಗಿಂದ ನಿಂತೇ ಇದೀನಿ."

ಬೆಳಕು ಬಲಿತಂತೆ ಅಂಗಳ ಕಾಣಿಸುತ್ತದೆ. ನಿನ್ನೆ ಗುಡಿಸಿದ ಗೆರೆಗಳು ಒಂದೂ ಉಳಿದಿಲ್ಲ. ಬೂಟಿನ ಹೆಜ್ಜೆ, ಎತ್ತರ ಹಿಮ್ಮಡಿಯ ಚಪ್ಪಲಿಯ ಹೆಜ್ಜೆ, ಬರಿಗಾಲು, ಒಂದರ ಮೇಲೊಂದು ತುಳಿದಾಡಿವೆ. ಎಲ್ಲದರ ತುದಿಯೂ ಮನೆಯ ಕಡೆಗೆ. ಹಿಂತಿರುಗಿ ಹೋದ ಹೆಜ್ಜೆ ಒಂದೂ ಇಲ್ಲ. ಕಪ್ಪೆಗಳು ಇನ್ನೂ ಸದ್ದು ಮಾಡಿಲ್ಲ, ಬಾಟಲಿ ಮರ ಸಣ್ಣಗೆ ಊಂ ಎನ್ನುತ್ತಲೇ ಇದೆ.

ಒಳಗಿನಿಂದ ಟೆನಾ ಕರೆಯುತ್ತಾರೆ. ಡೋರ್ಕಸ್ ಹೊಸ್ತಿಲು ಬಿಡದೆ ಕತ್ತು ಮಾತ್ರ ಒಳಗೆ ತಿರುಗಿಸುತ್ತಾರೆ. ಹಾಸಿಗೆ ಬಾಗಿಲಿಗೆ ನೇರ. ಮುದುಕಿಯ ಎಡಗೆನ್ನೆಯ ಮೇಲೆ ಎರಡು ಗೆಣ್ಣಿನಷ್ಟು ಅಗಲಕ್ಕೆ ನೀಲಿ ಹತ್ತಿದೆ. ಇನ್ನೂ ಹಸಿ, ದಿಂಬಿನ ಮೇಲೂ ಒಂದಿಷ್ಟು ಇಳಿದಿದೆ. ನಿನ್ನೆಯ ಸಿಪ್ಪೆ ಕೊಲ್ಲಿ ಸೇರಿದೆ. ಬಣ್ಣದ ಡಬ್ಬಿ, ಬಾಯಿ ತೆರೆಯದ್ದು, ಮೆಟ್ಟಿಲ ಕೆಳಗಿದೆ. ಡೋರ್ಕಸ್ ಕಣ್ಣು ಕಿರಿದು ಮಾಡಿ ಆ ನೀಲಿಯನ್ನು ನೋಡುತ್ತಾರೆ: ಸ್ವಲ್ಪ ಬೂದಿ, ಸ್ವಲ್ಪ ಹಸಿರು.

"ಅಂಗಡೀದಲ್ಲ ಅದು," ಎನ್ನುತ್ತಾರೆ ಮೆಲ್ಲಗೆ. "ಬಾಲ್ಟಿಮೋರಲ್ಲಿ ನಾನು ಕಲಸಿದ್ದು. ಅಪ್ಪನ ಉಂಡೇದು."

ಟೆನಾ ಒರೆಸಿಕೊಳ್ಳಲು ಬಿಡುವುದಿಲ್ಲ. ಅವರ ಮುಖದಲ್ಲಿ ಹೆದರಿಕೆಯಿಲ್ಲ, ಎಷ್ಟೋ ವರ್ಷದ ಗಂಟು ಬಿಚ್ಚಿದಂತಿದೆ. ಪಕ್ಕದಲ್ಲಿ ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಎಂಬಂತೆ ದನಿ ತಗ್ಗಿಸಿ ಹೇಳುತ್ತಾರೆ.

"ಬಳಿ ಹೋಗೇ ಈಗ. ಈ ಸಲ ಬಾಗ್ಲಿಂದ ಬೇಡ. ಮೆಟ್ಟಿಲ ಕಡೆಯಿಂದ ಬಾ."

ಡೋರ್ಕಸ್‌ಗೆ ಅರ್ಥವಾಗಲು ಕ್ಷಣವೂ ಬೇಕಿಲ್ಲ. "ಹಂಗೆ ಬಳಿದ್ರೆ ನಾಳೆ ನಿಮಗೂ ಹೊರಗೆ ಹೋಗಕ್ಕೆ ದಾರಿ ಇರಲ್ಲ ಟೆನಕ್ಕ."

"ನಾನು ಎಲ್ಲಿಗೆ ಹೋಗಬೇಕಾಗಿದೆ?"

ಏಣಿಯನ್ನು ಮೆಟ್ಟಿಲ ಪಕ್ಕಕ್ಕೇ ಎಳೆದು ನಿಲ್ಲಿಸಬೇಕು. ಅಂದರೆ ಅಂಗಳಕ್ಕೆ ಬೆನ್ನು ಕೊಟ್ಟು, ಆ ಹೆಜ್ಜೆಗಳಿಗೆ ಕೈಯಳತೆಯಲ್ಲಿ ಹತ್ತಬೇಕು. ಡೋರ್ಕಸ್ ಬಾಗಿಲಿಗೆ ಕುರ್ಚಿಯನ್ನು ಅಡ್ಡ ಎಳೆದಿಟ್ಟು ಇಳಿದು ಡಬ್ಬಿಯ ಬಾಯಿ ಕೀಳುತ್ತಾರೆ, ಅಂಗಡಿಯ ಬಣ್ಣವಾದರೂ ಮಜ್ಜಿಗೆ ಒಂದು ಸೌಟು ಸುರಿದು ಕದಡುತ್ತಾರೆ. ಹತ್ತುತ್ತಾರೆ. ಅಂಚಿನ ಹಲಗೆಗೆ ಮೊದಲ ಗೆರೆ ಬೀಳುತ್ತಿದ್ದಂತೆ ಅಂಗಳದಲ್ಲಿ ಮರಳು ಸರ್ರೆಂದು ಒಟ್ಟಿಗೆ ಸರಿದ ಸದ್ದಾಗುತ್ತದೆ. ಮಂಜಿನಲ್ಲಿ ಯಾರೂ ಕಾಣುವುದಿಲ್ಲ. ಅವರು ತಿರುಗಿ ನೋಡುವುದೂ ಇಲ್ಲ, ಬಾಗಿಲ ಕಡೆಗೆ ಹಲಗೆ ಹಲಗೆಯಾಗಿ ಬರುತ್ತಾರೆ. ಒಳಗಿನಿಂದ ಯಾವುದೋ ಹಳೆಯ ಪ್ರಾರ್ಥನೆಯ ರಾಗ, ಟೆನಾ ಅವರದೇ ದನಿ. ಅದರ ಜೊತೆಗೆ ಹಲಗೆ ನೆಲದ ಮೇಲೆ, ನಿಧಾನಕ್ಕೆ, ಕೋಲಿನ ತಾಳ.

ಬೇಕಾದದ್ದು ಏನಾದರೂ ಇದೆಯೇ ಎಂದು ಕೇಳಿದರೆ ಡೋರ್ಕಸ್ ಕುಂಚ ಅದ್ದಿ, ಅಂಚಿಗೆ ಒರೆಸಿ, ಸೂರಿನ ಕಡೆಗೇ ಮುಖ ಮಾಡಿ ಹೇಳುತ್ತಾರೆ.

"ಜನ ಹೊರಗೆ, ಅವನು ಒಳಗೆ. ನನ್ನ ಕೆಲಸ ಯಾವಾಗ್ಲೂ ಇಷ್ಟೇ ಇದ್ದಿದ್ದು. ಒಣಗೋ ತನಕ ಮಳೆ ಬರದಿದ್ರೆ ಸಾಕು."